ಕೊತ್ತಂಬರಿ ರಸ

"ಅಪ್ಪಾ, ಮಾತ್ರೆ ತಪ್ಪಿಸ್ತಿದ್ದೀರಾ? ನಿಜ ಹೇಳಿ." ಕ್ಯಾನಿಂಗ್ ವೇಲ್‌ ಬಡಾವಣೆಯ ಮನೆಯ ಸೋಫಾದಲ್ಲಿ ಕೂತ ಡಾಕ್ಟರ್ ಅಪೂರ್ವ, ಅಪ್ಪನ ರಕ್ತಪರೀಕ್ಷೆಯ ಫಲಿತಾಂಶವನ್ನು ಫೋನಿನಲ್ಲಿ ಮತ್ತೆ ನೋಡುತ್ತ ಕೇಳಿದಳು.

ಲಿಂಗರಾಜ ಪಾಪದ ಮುಖ ಮಾಡಿ ಇಲ್ಲವೆಂದು ತಲೆಯಾಡಿಸಿದರು. ಹೃದಯದ ಕವಾಟ ಬದಲಿಸಿದಾಗಿನಿಂದ, ರಕ್ತ ಹೆಪ್ಪುಗಟ್ಟದಿರಲೆಂದು ಅವರಿಗೆ ವಾರ್ಫರಿನ್ ಮಾತ್ರೆ. ಅದನ್ನು ಹೆಂಡತಿ ನಾಗವೇಣಿಯೇ ಅಂಗೈಗೆ ಹಾಕಿ, ನುಂಗುವವರೆಗೂ ಕದಲುವುದಿಲ್ಲ. ಇಷ್ಟಾದರೂ ರಕ್ತ ಒಂದು ವಾರ ತೀರಾ ತೆಳು, ಇನ್ನೊಂದು ವಾರ ತೀರಾ ಗಟ್ಟಿ. ಹೀಗೇ ಆದರೆ ಲಕ್ವ ಹೊಡೆದೀತು ಎಂಬ ಭಯ ಮನೆಯವರಿಗೆಲ್ಲ ಹಿಡಿದಿತ್ತು.

"ಬರೀ ಮಾತ್ರೆ ನಂಬ್ಕೊಂಡು ಕೂತಿಲ್ಲಮ್ಮ ನಾನು," ಎಂದರು ನಾಗವೇಣಿ. "ದಿನಾ ಬೆಳಗ್ಗೆ ದೊಡ್ಡ ಲೋಟ ಕೊತ್ತಂಬರಿ ಸೊಪ್ಪಿನ ರಸ ಕೊಡ್ತೀನಿ, ರಕ್ತ ಶುದ್ಧಿಯಾಗ್ಲಿ ಅಂತ. ಕ್ಯಾನಿಂಗ್ಟನ್‌ನ ಅಂಗಡಿಯಿಂದ ಕಟ್ಟುಗಟ್ಟಲೆ ತರೋದು ಮತ್ಯಾಕೆ?"

"ಅಮ್ಮಾ! ಸೊಪ್ಪಲ್ಲಿರೋ ವಿಟಮಿನ್ ಕೆ ಈ ಮಾತ್ರೆಗೆ ಉಲ್ಟಾ ಕೆಲಸ ಮಾಡತ್ತೆ. ಕ್ಲಿನಿಕ್‌ನಲ್ಲಿ ಎಲ್ಲಾ ಪೇಷೆಂಟ್‌ಗೂ ಸೊಪ್ಪು ಎಷ್ಟು ತಿಂತೀರಾ ಅಂತ ಕೇಳ್ತೀನಿ, ನಮ್ಮನೇಲೇ ಕೇಳ್ಲಿಲ್ಲ ನೋಡು."

ನಾಗವೇಣಿ ಅಡುಗೆಮನೆಯ ಮಿಕ್ಸಿಯತ್ತ ನೋಡಿದರು. ಅಯ್ಯೋ ದೇವರೇ! ಕೈಯಾರೆ ರುಬ್ಬಿ, ಸೋಸಿ, ನಿಂಬೆಹಣ್ಣು ಹಿಂಡಿ, ಗಂಡನ ಜೀವಕ್ಕೆ ತಾನೇ ಕುತ್ತು ತಂದೆನೇ? ಕಣ್ಣೀರು ತಡೆಯದೆ ಸೆರಗು ಬಾಯಿಗಿಟ್ಟುಕೊಂಡರು.

"ಆದ್ರೆ ದಿನಾ ಕುಡಿದಿದ್ರೆ ರಕ್ತ ಒಂದೇ ಥರ ಇರ್ಬೇಕಿತ್ತು. ಈ ಏರುಪೇರು ಯಾಕೆ?" ಅಪೂರ್ವ ಅಪ್ಪನ ಕಡೆ ತಿರುಗಿದಳು.

ಹೆಂಡತಿ ಅಳುವುದನ್ನು ಲಿಂಗರಾಜರಿಗೆ ನೋಡಲಾಗಲಿಲ್ಲ. "ಇವಳು ಎದುರಿಗಿದ್ರೆ ಕುಡೀತೀನಿ. ಇವಳು ವಾಕಿಂಗ್ ಹೋದ ದಿನ ಸಿಂಕಿಗೆ ಸುರೀತೀನಿ. ಆ ವಾಸನೆ ನನಗೆ ಮೊದಲಿಂದ್ಲೂ ಆಗಲ್ಲ."

"ಮೊದಲಿಂದ್ಲೂ?" ನಾಗವೇಣಿಯ ಅಳು ಅಲ್ಲೇ ನಿಂತಿತು. "ಮತ್ತೆ ಇಷ್ಟು ವರ್ಷ ನನ್ನ ಚಟ್ನಿ, ನನ್ನ ಕೊತ್ತಂಬರಿ ಭಾತು?"

"ನೀನು ಮಾಡಿದ್ದು ಅಂತ ತಿಂದೆ ಕಣೇ."

ಅಪೂರ್ವ ನಗು ನುಂಗಿಕೊಂಡಳು. "ಇನ್ಮೇಲೆ ರಸ ಬೇಡ. ಅಪ್ಪನ ಡಾಕ್ಟರ್‌ಗೆ ಈಗ್ಲೇ ಫೋನ್ ಮಾಡಿ ಹೇಳ್ತೀನಿ, ಡೋಸ್ ಅವ್ರು ಹೊಂದಿಸ್ಲಿ. ಅಡುಗೆಗೆ ಸೊಪ್ಪು ಹಾಕಮ್ಮ, ಆದ್ರೆ ದಿನಾ ಒಂದೇ ಅಳತೇಲಿ."

ಮಧ್ಯಾಹ್ನ ಊಟಕ್ಕೆ ಬೇಳೆಸಾರು. ಗಂಡನಿಗೆ ಬಡಿಸುವಾಗ, ಮೇಲೆ ತೇಲುವ ಸೊಪ್ಪು ಬಾರದಂತೆ ನಾಗವೇಣಿ ಸೌಟನ್ನು ತಳದಿಂದ ಎತ್ತಿದರು. ಆದರೂ ಒಂದು ಕೊತ್ತಂಬರಿ ಎಲೆ ಅನ್ನದ ಮೇಲೆ ಬಿದ್ದಿತು. ಅದನ್ನು ಬೆರಳಲ್ಲಿ ಹೆಕ್ಕಿ ತಮ್ಮ ತಟ್ಟೆಯ ಅಂಚಿಗೆ ಹಾಕಿಕೊಂಡರು.

ಲಿಂಗರಾಜ ಹೆಂಡತಿಯ ತಟ್ಟೆಗೆ ಕೈಹಾಕಿ ಆ ಎಲೆಯನ್ನು ತೆಗೆದುಕೊಂಡರು, ಬಾಯಿಗಿಟ್ಟು ನಿಧಾನವಾಗಿ ಅಗಿದರು.