ನೀಮಾಳ ಊರಿಂದ ಬಂದವರು

ನೀಮಾ ಟಾಂಜಾನಿಯ ದೇಶದ ಹುಡುಗಿ. ಸಮುದ್ರದಂತೆ ಕಾಣುವ ಸರೋವರವೊಂದರ ದಡದ ಮೇಲಿರುವ ಮ್ವಾಂಜಾ ಅವಳ ಊರು. ಬಿ.ಫಾರ್ಮ ಓದಲು ಬೆಂಗಳೂರಿಗೆ ಬಂದವಳು ಮೊದಲು ಹಾಸ್ಟೆಲಿನಲ್ಲಿದ್ದು, ಊಟ ಸೇರದೆ ಸೊರಗಿ, ಕುರುಬರಹಳ್ಳಿಯಲ್ಲಿ ಚಿಕ್ಕಹನುಮಯ್ಯನವರ ಮನೆಯ ಮಹಡಿ ರೂಮಿಗೆ ಬಾಡಿಗೆಗೆ ಬಂದಳು. ಚಿಕ್ಕಹನುಮಯ್ಯನವರು ರಾಜಾಜಿನಗರದ ವರ್ಕ್‌ಶಾಪೊಂದರಲ್ಲಿ ಲೇತ್ ಕೆಲಸ ಮಾಡಿ ಆಗತಾನೆ ನಿವೃತ್ತರಾಗಿದ್ದರು. ಮಗಳು ಕಲಾ ಮದುವೆಯಾಗಿ ಮಾರೇನಹಳ್ಳಿಗೆ ಹೋದ ಮೇಲೆ ಅವಳ ರೂಮು ಖಾಲಿ ಬಿದ್ದಿತ್ತು. ಹೆಂಡತಿ ರಾಮಕ್ಕ ಮಾತಿನಲ್ಲಿ ಒರಟು. ಬೆಳಿಗ್ಗೆ ನೀಮಾ ನೀರಿನ ಮೋಟಾರ್ ಹಾಕುವುದು ತಡವಾದರೆ ಮೆಟ್ಟಿಲ ಬುಡದಲ್ಲಿ ನಿಂತು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಆದರೆ ಮನೆಯಲ್ಲಿ ಏನೇ ಮಾಡಲಿ, ಒಂದು ಪಾತ್ರೆಯಲ್ಲಿ ಮಹಡಿಗೆ ಕಳಿಸದೆ ಇರುತ್ತಿರಲಿಲ್ಲ.

ಬಾಡಿಗೆ ಕೊಡುವಾಗ ರಾಮಕ್ಕ ಒಂದು ಮಾತು ಹೇಳಿದ್ದರು: ರೂಮಿಗೆ ಗುಂಪು ಸೇರಿಸಬಾರದು. ಹಿಂದಿನ ಬೀದಿಯಲ್ಲಿ ನೀಮಾಳ ದೇಶದವರೇ ಇಬ್ಬರು ಹುಡುಗರಿದ್ದರು. ಅವರ ಸ್ನೇಹಿತರು ಬಂದು ಉಳಿದುಕೊಂಡರೆಂದು ಮನೆಯ ಓನರ್ ಅವರ ಸಾಮಾನನ್ನು ಗೇಟಿನ ಹೊರಗಿಡಿಸಿದ್ದ. ಅದನ್ನು ಕಣ್ಣಾರೆ ಕಂಡಿದ್ದ ನೀಮಾ ರಾಮಕ್ಕನ ಮಾತನ್ನು ಅಕ್ಷರಶಃ ಪಾಲಿಸಿಕೊಂಡು ಬಂದಿದ್ದಳು.

ಆ ವರ್ಷ, ಎರಡು ಸಾವಿರದ ಆರನೇ ಇಸವಿಯಲ್ಲಿ, ಅವಳ ಶಾಲೆಯ ಗೆಳತಿಯರಿಬ್ಬರು ಬೆಂಗಳೂರಿಗೆ ಬಂದರು. ರೆಹೆಮಾ ಈಗ ಮ್ವಾಂಜಾದಲ್ಲಿ ಶಾಲೆಯ ಟೀಚರ್. ಉಪೆಂಡೊ ಬಟ್ಟೆ ವ್ಯಾಪಾರದವಳು, ಚಿಕ್ಕಪೇಟೆಯ ಅಂಗಡಿಗಳನ್ನು ನೋಡುವ ಆಸೆಯಿಂದ ಹೊರಟಿದ್ದಳು. ಅವರು ಬರುವ ಸುದ್ದಿ ತಿಳಿದ ದಿನದಿಂದ ನೀಮಾಳಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು. ರಾಮಕ್ಕನನ್ನು ಕೇಳೋಣವೆಂದು ಎರಡು ಮೂರು ಸಲ ಅಡುಗೆಮನೆ ಬಾಗಿಲವರೆಗೂ ಹೋಗಿ, ಉಪ್ಪು ಇಸಿದುಕೊಂಡು ವಾಪಸ್ ಬಂದಳು. ಕೊನೆಗೆ ರಾಜಾಜಿನಗರದ ಲಾಡ್ಜೊಂದರಲ್ಲಿ ಗೆಳತಿಯರಿಗೆ ರೂಮು ಮಾಡಿಸಿದಳು.

ಏರ್‌ಪೋರ್ಟಿನಲ್ಲಿ ಮೂವರೂ ಅಪ್ಪಿಕೊಂಡು ಅತ್ತರು, ನಕ್ಕರು. ಆದರೆ ಟ್ಯಾಕ್ಸಿ ಲಾಡ್ಜಿನ ಮುಂದೆ ನಿಂತಾಗ ರೆಹೆಮಾಳ ಮುಖ ಸಣ್ಣಗಾಯಿತು. ಅಷ್ಟು ದೂರದಿಂದ ಬಂದವರನ್ನು ಮನೆಗೆ ಕರೆಯದೆ ಬಾಡಿಗೆ ರೂಮಿಗೆ ತಂದುಬಿಡುವುದು ಅವರ ಊರಿನಲ್ಲಿ ಇರಲಿಲ್ಲ. ನೀಮಾ ಏನೇನೋ ಕಾರಣ ಹೇಳಿದಳು. ರೂಮು ಚಿಕ್ಕದು, ನೀರು ಬರುವುದಿಲ್ಲ, ಓನರ್ ಒಪ್ಪುವುದಿಲ್ಲ. ಹಾಗಾದರೆ ಇಷ್ಟು ದಿನ ಅಂಥವರ ಮನೆಯಲ್ಲಿ ಹೇಗಿದ್ದೀಯ ಎಂದು ರೆಹೆಮಾ ಕೇಳಿದಳು. ಆ ಮಾತಿನಲ್ಲಿ ಸಿಟ್ಟಿಗಿಂತ ಕನಿಕರವಿತ್ತು, ನೀಮಾಳಿಗೆ ಚುಚ್ಚಿದ್ದು ಅದೇ.

ಅವರನ್ನು ಖುಷಿಪಡಿಸಲು ಅವಳು ಊರೆಲ್ಲ ಸುತ್ತಿಸಿದಳು. ಲಾಲ್‌ಬಾಗ್ ತೋರಿಸಿದಳು, ಚಿಕ್ಕಪೇಟೆಯಲ್ಲಿ ಉಪೆಂಡೊಳ ಪರವಾಗಿ ಕನ್ನಡದಲ್ಲೇ ಚೌಕಾಸಿ ಮಾಡಿದಳು. ಮೀಟರ್ ಮೇಲೆ ಹೆಚ್ಚಿಗೆ ದುಡ್ಡು ಕೇಳಿದ ಆಟೊದವನ ಜೊತೆ ಅವಳು ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಂತಾಗ ಗೆಳತಿಯರು ಬಿದ್ದು ಬಿದ್ದು ನಕ್ಕರು. ಆದರೆ ಬಸ್ಸಿನಲ್ಲಿ ಜನ ತಿರುತಿರುಗಿ ನೋಡುವುದು, ಕಾಲೇಜು ಹುಡುಗರು ಏನೋ ಅಂದು ಕಿಸಕ್ಕೆನ್ನುವುದು ರೆಹೆಮಾಳ ಕಣ್ಣಿಗೆ ಬೀಳದೆ ಇರಲಿಲ್ಲ. ಸಂಜೆ ನೀಮಾ ಇಬ್ಬರನ್ನೂ ಲಾಡ್ಜಿನಲ್ಲಿ ಬಿಟ್ಟು ಒಬ್ಬಳೇ ಕುರುಬರಹಳ್ಳಿಗೆ ಹೋಗುತ್ತಿದ್ದಳು.

ಹೀಗಿರುವಾಗ ಉಪೆಂಡೊಳಿಗೆ ಹೊಟ್ಟೆ ಕೆಟ್ಟಿತು. ರಸ್ತೆ ಬದಿಯಲ್ಲಿ ತಿಂದ ಪಾನಿಪುರಿಯೋ, ಲಾಡ್ಜಿನ ನೀರೋ, ಬೆಳಗಾಗುವಷ್ಟರಲ್ಲಿ ವಾಂತಿ, ಭೇದಿ, ಜ್ವರ ಎಲ್ಲ ಸೇರಿ ಅವಳು ನಿಲ್ಲಲಾಗದಂತಾದಳು. ನೀಮಾ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಇಂಜೆಕ್ಷನ್ ಕೊಟ್ಟು, ಹೆದರುವಂಥದ್ದೇನಿಲ್ಲ, ಓಆರ್‌ಎಸ್ ಕುಡಿಸಿ ಮಲಗಿಸಿ ಎಂದರು. ವಾಪಸ್ ಬಂದರೆ ಲಾಡ್ಜಿನ ಮ್ಯಾನೇಜರ್ ಬಾಗಿಲಲ್ಲೇ ತಡೆದ. ಯಾವ ಕಾಯಿಲೆಯೋ ಏನೋ, ಬೇರೆ ಗಿರಾಕಿಗಳು ಗಲಾಟೆ ಮಾಡುತ್ತಾರೆ, ದಯವಿಟ್ಟು ಖಾಲಿ ಮಾಡಿ ಅಂದ. ನೀಮಾ ಅವನ ಹತ್ತಿರ ವಾದ ಮಾಡಲಿಲ್ಲ. ಬ್ಯಾಗುಗಳನ್ನು ಆಟೊದಲ್ಲಿ ತುರುಕಿ, ಉಪೆಂಡೊಳ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡು, ಕುರುಬರಹಳ್ಳಿಗೆ ನಡಿ ಎಂದಳು.

ಮಧ್ಯಾಹ್ನದ ಹೊತ್ತು. ರಾಮಕ್ಕ ಗೇಟಿನ ಹತ್ತಿರ ಸೊಪ್ಪು ಕೊಳ್ಳುತ್ತಾ ನಿಂತಿದ್ದರು.

“ಯಾರೇ ಇವ್ರು?”

“ನಮ್ ಊರಿನ ಫ್ರೆಂಡ್ಸ್ ಆಂಟಿ. ಇವಳಿಗೆ ಹುಷಾರಿಲ್ಲ. ಸಾಯಂಕಾಲದವರೆಗೆ ಮಾತ್ರ ಇರ್ತಾರೆ. ಆಮೇಲೆ ಬೇರೆ ಲಾಡ್ಜ್ ನೋಡ್ತೀನಿ.”

ಬೇರೆ ಲಾಡ್ಜ್ ಎಂದರೇನು, ಇಷ್ಟು ದಿನ ಎಲ್ಲಿದ್ದರು ಎಂದು ರಾಮಕ್ಕ ಕೇಳಿದರು. ನೀಮಾ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ತನ್ನ ಸಾಮಾನೂ ಗೇಟಿನ ಹೊರಗೆ ಬಂದಂತೆ ಅವಳಿಗೆ ಕಾಣತೊಡಗಿತು.

“ಸಮುದ್ರ ದಾಟಿ ಬಂದೋರ್ನ ತಗೊಂಡೋಗಿ ಲಾಡ್ಜಲ್ಲಿ ಮಲಗಿಸಿದ್ಯಾ? ನಾನೇನು ಸತ್ತೋಗಿದ್ನಾ?” ಎಂದರು ರಾಮಕ್ಕ.

“ನೀವೇ ಹೇಳಿದ್ರಲ್ಲ ಆಂಟಿ, ರೂಮಲ್ಲಿ ಯಾರೂ ಇರ್ಬಾರ್ದು ಅಂತ.”

“ಗುಂಪು ಕಟ್ಕೊಂಡು ಕುಣೀಬೇಡ ಅಂದೆ ಕಣೇ. ಮನೆಗೆ ನೆಂಟರು ಬರ್ಬಾರ್ದು ಅಂದ್ನಾ?” ಹಾಗೆನ್ನುತ್ತಲೇ ಅವರು ಸೊಪ್ಪಿನ ಕಟ್ಟನ್ನು ನೀಮಾಳ ಕೈಗೆ ತುರುಕಿ, ಉಪೆಂಡೊಳ ಸೊಂಟಕ್ಕೆ ಕೈಹಾಕಿ ಒಳಗೆ ನಡೆಸಿಕೊಂಡು ಹೋದರು.

ಈ ಸ್ಥಿತಿಯಲ್ಲಿ ಮೆಟ್ಟಿಲು ಹತ್ತಿಸುವುದು ಬೇಡವೆಂದು ಕೆಳಗಿನ ಕೋಣೆಯಲ್ಲೇ ಹಾಸಿದರು. ಚಿಕ್ಕಹನುಮಯ್ಯನವರು ತಮ್ಮ ದಿಂಬು ಹೊದಿಕೆ ಎತ್ತಿಕೊಂಡು ಹಾಲಿಗೆ ಹೋದರು. ರಾಮಕ್ಕ ಗಂಜಿ ಕಾಯಿಸಿದರು, ನೀರುಮಜ್ಜಿಗೆಗೆ ಉಪ್ಪು ಹಾಕಿ ಚಮಚದಲ್ಲಿ ಕುಡಿಸಿದರು, ಹಣೆ ಮುಟ್ಟಿ ನೋಡಿದರು. ಎದುರುಮನೆಯ ವಿಮಲಮ್ಮ ಕಾಂಪೌಂಡಿನಾಚೆಯಿಂದಲೇ, ಯಾರನ್ನೆಲ್ಲ ಸೇರಿಸಿಕೊಂಡಿದ್ದೀರಿ ಎಂದು ವಿಚಾರಿಸಿದ್ದಕ್ಕೆ, ನಮ್ಮ ಹುಡುಗಿಯ ಊರಿನವರು ಎಂದಷ್ಟೇ ಹೇಳಿ ರಾಮಕ್ಕ ಒಳಗೆ ಬಂದರು. ಅದನ್ನು ಕೇಳಿಸಿಕೊಂಡ ನೀಮಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ಅತ್ತಳು.

ಮಾರನೆಯ ದಿನ ಜ್ವರ ಇಳಿಯಿತು. ಅಡುಗೆಮನೆಯಲ್ಲಿ ರಾಗಿಹಿಟ್ಟು ಬೇಯುವ ವಾಸನೆಗೆ ಉಪೆಂಡೊ ಎದ್ದು ಕೂತು, ಉಗಾಲಿಯಾ ಎಂದು ಕೇಳಿದಳು. ಅವರ ಕಡೆಯೂ ಜೋಳ, ರಾಗಿಗಳ ಹಿಟ್ಟನ್ನು ಹಾಗೇ ತಿರುವಿ ಉಣ್ಣುತ್ತಾರೆ, ಅದಕ್ಕೇ ಉಗಾಲಿ ಅನ್ನುವುದು. ರೆಹೆಮಾ ಒಳಗೆ ಹೋಗಿ ರಾಮಕ್ಕನ ಕೈಯಿಂದ ಕೋಲು ತೆಗೆದುಕೊಂಡು, ಕಾಲಿನಿಂದ ಪಾತ್ರೆಯನ್ನು ಅದುಮಿ ಹಿಡಿಯದೆ ಬಟ್ಟೆಯಲ್ಲೇ ಹಿಡಿದು, ಒಂದು ಗಂಟೂ ಇಲ್ಲದಂತೆ ತಿರುವಿಬಿಟ್ಟಳು. ರಾಮಕ್ಕ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನೋಡಿದರು. ಊಟಕ್ಕೆ ಕೂತಾಗ ಮಾತ್ರ ತಕರಾರಾಯಿತು. ಗೆಳತಿಯರಿಬ್ಬರೂ ಮುದ್ದೆಯನ್ನು ಅಗಿಯುತ್ತಿದ್ದರು. ಅಗಿಯಬಾರದು, ನುಂಗಬೇಕು ಎಂದು ಚಿಕ್ಕಹನುಮಯ್ಯನವರು ಸಾರಿನಲ್ಲಿ ಅದ್ದಿ ನುಂಗಿ ತೋರಿಸಿದರು. ಉಪೆಂಡೊ ಪ್ರಯತ್ನಪಟ್ಟಳು, ಗಂಟಲಿಗೆ ಸಿಕ್ಕಿಕೊಂಡು ಕೆಮ್ಮಿದಳು, ನೀರು ಕುಡಿದು ಮತ್ತೆ ಅಗಿಯತೊಡಗಿದಳು. ಚಿಕ್ಕಹನುಮಯ್ಯನವರೇ ಸೋಲೊಪ್ಪಿಕೊಂಡರು.

ಉಳಿದ ದಿನಗಳು ಹಗುರವಾಗಿ ಕಳೆದವು. ಕಲಾ ಬಂದು ಇಬ್ಬರಿಗೂ ಸೀರೆ ಉಡಿಸಿದಳು. ಉಪೆಂಡೊ ತನ್ನ ಬ್ಯಾಗಿನಿಂದ ಹಳದಿ ಹೂಗಳ ಕಾಂಗಾ ಬಟ್ಟೆ ತೆಗೆದು ರಾಮಕ್ಕನಿಗೆ ಹೊದಿಸಿದಳು. ರಾಮಕ್ಕ ಅದನ್ನು ಹೊದ್ದುಕೊಂಡೇ ಹಾಲು ತರಲು ಹೋಗಿಬಂದರು.

ಹೊರಡುವ ಹಿಂದಿನ ದಿನ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ರೆಹೆಮಾ ನೀಮಾಳಿಗೆ ಒಂದು ವಿಷಯ ಹೇಳಿದಳು. ಮಗಳು ಫೋನಿನಲ್ಲಿ ಯಾವಾಗಲೂ ಚೆನ್ನಾಗಿದ್ದೇನೆ ಅನ್ನುತ್ತಾಳೆ, ನಿಜವಾಗಿ ಹೇಗಿದ್ದಾಳೆಂದು ನೋಡಿಕೊಂಡು ಬಾ ಎಂದು ನೀಮಾಳ ತಾಯಿಯೇ ಅವಳನ್ನು ಕಳಿಸಿದ್ದರು.

“ಲಾಡ್ಜಿನಲ್ಲಿದ್ದಾಗ, ಅವಳನ್ನು ವಾಪಸ್ ಕರೆಸಿಕೊಳ್ಳಿ ಅಂತ ನಿಮ್ಮಮ್ಮನಿಗೆ ಹೇಳಬೇಕೆಂದುಕೊಂಡಿದ್ದೆ,” ಎಂದಳು ರೆಹೆಮಾ ತಮ್ಮ ಸ್ವಾಹಿಲಿಯಲ್ಲಿ. “ಈಗ ಹೇಳುವುದಿಲ್ಲ. ಇಲ್ಲಿ ನಿನ್ನನ್ನು ಬೈಯುವವರಿದ್ದಾರೆ.”

ಬೆಳಿಗ್ಗೆ ಟ್ಯಾಕ್ಸಿ ಬಂದಾಗ ರಾಮಕ್ಕ ಅರಿಶಿನ ಕುಂಕುಮದ ತಟ್ಟೆ ತಂದರು. ಉಪೆಂಡೊ ಹಣೆಯೊಡ್ಡಿದಳು. ರೆಹೆಮಾ ತಲೆವಸ್ತ್ರದ ಅಂಚು ಹಿಡಿದು ಹಿಂಜರಿದದ್ದನ್ನು ನೋಡಿ ರಾಮಕ್ಕ ಬೆರಳು ಹಿಂದಕ್ಕೆಳೆದುಕೊಂಡರು. ಒಳಗಿನಿಂದ ಒಂದು ಮೊಳ ಮಲ್ಲಿಗೆ ತಂದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಏರ್‌ಪೋರ್ಟಿನ ಬಾಗಿಲವರೆಗೂ ರೆಹೆಮಾ ಅದನ್ನು ಹಾಗೇ ಹಿಡಿದಿದ್ದಳು.

ಮುಂದಿನ ಭಾನುವಾರ ಕೆಳಗಿನ ಮನೆಯ ಲ್ಯಾಂಡ್‌ಲೈನಿಗೆ ಮ್ವಾಂಜಾದಿಂದ ಫೋನ್ ಬಂತು. ನೀಮಾಳ ತಾಯಿ ಮಗಳೊಂದಿಗೆ ಸ್ವಲ್ಪವೇ ಮಾತಾಡಿ, ಆ ಅಮ್ಮನಿಗೆ ಕೊಡು ಎಂದರು. ರಾಮಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ರಿಸೀವರ್ ಹಿಡಿದರು. ಆ ಕಡೆಯಿಂದ ಸ್ವಾಹಿಲಿ, ಈ ಕಡೆಯಿಂದ ಕನ್ನಡ. ಅನುವಾದ ಮಾಡಲು ಹೋದ ನೀಮಾಳನ್ನು ರಾಮಕ್ಕ ಕೈಬೀಸಿ ಸುಮ್ಮನಿರಿಸಿದರು. ಹುಡುಗಿ ಹೊತ್ತಿಗೆ ಸರಿಯಾಗಿ ತಿನ್ನುವುದಿಲ್ಲ, ಇತ್ತೀಚೆಗೆ ಸ್ವಲ್ಪ ಪರವಾಗಿಲ್ಲ, ನೀವೇನೂ ಯೋಚನೆ ಮಾಡಬೇಡಿ ಎಂದು ಬಹಳ ಹೊತ್ತು ಹೇಳಿದರು. ನಡುನಡುವೆ ಸುಮ್ಮನಾಗಿ ಆ ಕಡೆಯ ಮಾತಿಗೆ ಹೂಂಗುಟ್ಟಿದರು.

ಫೋನಿಟ್ಟ ಮೇಲೆ ನೀಮಾಳ ಕಡೆ ತಿರುಗಿ, “ಒಳ್ಳೇ ಮನಸಿನೋರು ಕಣೇ ನಿಮ್ಮಮ್ಮ,” ಎಂದು ಹೇಳಿ ಪಾತ್ರೆ ತೊಳೆಯಲು ಹೋದರು.