ಅತ್ತೆಯ ಗೋಡೆಗೆ ಬಳ್ಳಿ

ಊರಿಗೆಲ್ಲ ತಂಪು ಹಂಚುವವನ ಮನೆಯಲ್ಲೇ ಬೇಸಿಗೆ ಬಂದರೆ ಕಾದ ಹೆಂಚಾಗುವ ಕೋಣೆಯೊಂದಿತ್ತು. ಎ.ಸಿ. ಮೆಕ್ಯಾನಿಕ್‌ಗೆ ಇದಕ್ಕಿಂತ ನಾಚಿಕೆ ಬೇರೆ ಬೇಕೆ? ಮಹಡಿಯ ಮೇಲೆ, ಪಶ್ಚಿಮಕ್ಕೆ ಮುಖ ಮಾಡಿದ ಆ ಕೋಣೆ ಅವನ ಅತ್ತೆಯದು. ಮಧ್ಯಾಹ್ನವಿಡೀ ಗೋಡೆ ಬಿಸಿಲು ಕುಡಿಯುತ್ತಿತ್ತು, ಹೊತ್ತು ಮುಳುಗಿದ ಮೇಲೆ ಅದನ್ನೆಲ್ಲ ಒಳಕ್ಕೆ ಕಕ್ಕುತ್ತಿತ್ತು. ಎ.ಸಿ. ಪಾಪ, ಏದುಸಿರು ಬಿಡುತ್ತ ಓಡುತ್ತಲೇ ಇರುತ್ತಿತ್ತು.

ಅತ್ತೆ ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಮಂಡಿ ಆಪರೇಷನ್ ಆದಮೇಲೆ ಮಗಳ ಮನೆಗೆ ಬಂದಿದ್ದರು. ಮೆಟ್ಟಿಲೆಂದರೆ ಭಯ, ಆಸ್ಪತ್ರೆಗೆ ಬಿಟ್ಟರೆ ಕೆಳಗಿಳಿಯುತ್ತಿರಲಿಲ್ಲ. ಕಾಲು ಸೋತಿತ್ತೇ ಹೊರತು ದನಿ ಸೋತಿರಲಿಲ್ಲ.

“ಅಳಿಯಂದಿರೇ, ಈ ಗೋಡೆಗೆ ಬಳ್ಳಿ ಹಬ್ಬಿಸೋಣ,” ಅಂದರು ಒಂದು ದಿನ.

“ಬೇಡ ಅತ್ತೆ, ಬೇರು ಗಾರೆ ಕೀಳುತ್ತೆ. ಇನ್ನೂ ದೊಡ್ಡ ಎ.ಸಿ. ಹಾಕಿಸ್ತೀನಿ.”

“ತಲೆನೋವು ಅಂದ್ರೆ ದೊಡ್ಡ ಟೋಪಿ ಹೊಲಿಸ್ತಾರಾ? ಬಿಸಿಲು ಗೋಡೆಗೆ ತಾಗದ ಹಾಗೆ ಮಾಡಿ, ಸಾಕು.”

“ಅಮ್ಮ ವಿಸಿಲ್ ಊದೋಕೆ ಮುಂಚೆ ಒಪ್ಕೊಂಡ್ಬಿಡಿ,” ಎಂದು ಹೆಂಡತಿ ನಕ್ಕಳು.

ಗೊಣಗುತ್ತಲೇ ಅವನು ಗೋಡೆಯಿಂದ ಗೇಣು ದೂರಕ್ಕೆ ತಂತಿಬಲೆ ಕಟ್ಟಿದ, ಬುಡದಲ್ಲಿ ನೀಲಿ ಹೂವಿನ ಬಳ್ಳಿ ನೆಟ್ಟ. ಕುಡಿ ಕಿಟಕಿಯ ಎತ್ತರಕ್ಕೆ ಬಂದದ್ದೇ ತಡ, ಅತ್ತೆ ಕೈ ಚಾಚಿ ಹಳೆ ಬಟ್ಟೆಯ ಪಟ್ಟಿಯಿಂದ ಅದನ್ನು ತಂತಿಗೆ ಕಟ್ಟತೊಡಗಿದರು. “ಎಡಕ್ಕೆ ತಿರುಗು! ಸಾಲು ಬಿಡಬೇಡ!” ಎಂದು ಗದರುವುದು ಕೆಳಗೆ ನೀರು ಹಾಕುತ್ತಿದ್ದ ಅಳಿಯನಿಗೂ ಕೇಳಿಸುತ್ತಿತ್ತು. ಒಮ್ಮೊಮ್ಮೆ ಅವನೇ ಎಡಕ್ಕೆ ಸರಿಯುತ್ತಿದ್ದ.

ಎರಡನೇ ಬೇಸಿಗೆಯ ಒಂದು ಮಧ್ಯಾಹ್ನ ಅತ್ತೆಯ ಫೋನ್ ಬಂತು. “ನಿಮ್ಮ ಎ.ಸಿ. ಕೆಟ್ಟಿದೆ. ಹೊರಗಿನ ಪೆಟ್ಟಿಗೆ ಸದ್ದೇ ಮಾಡ್ತಿಲ್ಲ.”

ಕೈಯಲ್ಲಿದ್ದ ಕೆಲಸ ಮುಗಿಸಿ ಓಡಿಬಂದ. ಬಿಚ್ಚಿ ನೋಡಿದ: ಗ್ಯಾಸ್ ಸರಿಯಿದೆ, ವೈರು ಸರಿಯಿದೆ. ಚಾಲೂ ಮಾಡಿದರೆ ನಾಲ್ಕು ನಿಮಿಷ ಓಡಿ ಸುಮ್ಮನಾಗುತ್ತದೆ. ಮತ್ತೆ ಬಿಚ್ಚಿದ, ಮತ್ತೆ ಜೋಡಿಸಿದ. ಅಂಗಿ ಬೆವರಲ್ಲಿ ತೊಯ್ದಿತು.

“ಊರವರ ಎ.ಸಿ.ಗಳೆಲ್ಲ ನಿಮ್ಮ ಮಾತು ಕೇಳ್ತವೆ. ಇದೊಂದನ್ನ ರಿಪೇರಿ ಮಾಡೋಕಾಗ್ತಿಲ್ವಾ?”

“ಕೆಟ್ಟಿದ್ರೆ ತಾನೇ ಅತ್ತೆ ರಿಪೇರಿ ಮಾಡೋದು!”

ಅಂದವನೇ, ಕೆಟ್ಟೇ ಇಲ್ಲವಲ್ಲ ಎಂದು ಹೊಳೆದು ತಟ್ಟನೆ ನಿಂತ. ಶಾಖ ಅಳೆಯುವ ಗನ್ನು ತೆಗೆದುಕೊಂಡು ಹೊರಗೆ ಹೋದ. ಮೆಟ್ಟಿಲ ಬದಿಯಲ್ಲಿ ಬಳ್ಳಿ ಹಬ್ಬದ ಬೋಳು ಗೋಡೆ, ನಲವತ್ತಾರು ಡಿಗ್ರಿ. ಎಲೆ ಸರಿಸಿ ಹಿಂದಿನ ಗೋಡೆಗೆ ಹಿಡಿದ, ಮೂವತ್ತಮೂರು. ಗನ್ನೇ ಕೆಟ್ಟಿತೇನೋ ಎಂದು ತನ್ನ ಅಂಗೈಗೆ ಹಿಡಿದು ನೋಡಿದ. ಗನ್ನು ಸರಿಯಾಗಿತ್ತು.

ಒಳಗೆ ಬಂದು ಅತ್ತೆಯ ಮಂಚದ ಅಂಚಿಗೆ ಕೂತ. “ಎ.ಸಿ.ಗೆ ಏನೂ ಆಗಿಲ್ಲ. ಅದಕ್ಕೆ ಕೆಲಸ ಇಲ್ಲ, ಅಷ್ಟೇ. ಕೋಣೆ ಬೇಗ ತಣ್ಣಗಾಗುತ್ತೆ, ಅದು ನಿಂತ್ಕೊಳ್ಳುತ್ತೆ.”

“ಅಂದ್ರೆ?”

ಅವರಿಗೆ ಅರ್ಥವಾಗಿದೆಯೆಂದು ಅವನಿಗೆ ಗೊತ್ತಿತ್ತು. “ಅಂದ್ರೆ, ನೀವು ಗೆದ್ರಿ.”

“ಜೋರಾಗಿ ಹೇಳಿ. ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ.”

“ನೀವು ಗೆದ್ರಿ ಅತ್ತೆ!”

ಅತ್ತೆ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದರು. ಹೆತ್ತ ತಾಯಿ ಹೋದಮೇಲೆ ಯಾರೂ ಹಾಗೆ ಒರೆಸಿರಲಿಲ್ಲ. ಅವನು ಹೊರಗಿನ ಪೆಟ್ಟಿಗೆಯ ಸುತ್ತ ಕವಿದ ಎಲೆ ಕತ್ತರಿಸಬೇಕು, ಅದಕ್ಕೂ ಗಾಳಿ ಬೇಕು ಎನ್ನುತ್ತ ಎದ್ದುಹೋದ.

ಮುಂದಿನ ವಾರ ಗಿರಾಕಿಯೊಬ್ಬಳು, ದರ್ಜಿ, ಪಶ್ಚಿಮದ ಕೋಣೆಗೆ ಎರಡನೇ ಎ.ಸಿ. ಬೇಕೆಂದಳು. ಅವನು ಗೋಡೆ ನೋಡಿದ, ತಲೆ ಕೆರೆದುಕೊಂಡ. “ಇದಕ್ಕೆ ನಮ್ಮತ್ತೆಯನ್ನ ಕೇಳ್ಬೇಕಮ್ಮ,” ಅಂದ.

ಭಾನುವಾರ ಬೆಳಿಗ್ಗೆ ಅತ್ತೆ ಕೋಲೂರಿಕೊಂಡು ಮೆಟ್ಟಿಲ ತುದಿಗೆ ಬಂದು ನಿಂತರು. ಅವನು ಕೈ ಕೊಟ್ಟ. ಹದಿನೆಂಟು ಮೆಟ್ಟಿಲನ್ನೂ ಎಣಿಸುತ್ತ ಇಳಿದರು. ದರ್ಜಿಯ ಮನೆಗೆ ಹೊರಟುನಿಂತ ಅವನ ವ್ಯಾನಿನ ಮುಂದಿನ ಸೀಟಿನಲ್ಲಿ, ಬಳ್ಳಿಯ ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತು ಹೇಳಿದರು:

“ನಡೀರಿ. ಹೊತ್ತಾದ್ರೆ ಬಿಸಿಲೇರುತ್ತೆ.”