ಮೇಕೆಯ ಗೂಟಕ್ಕೆ ಕಟ್ಟಿದ ತಂತಿ

ಬೀಜ ಬಿಡಿಸುವ ಜಿನ್ ಯಂತ್ರದ ಬಾಯಿಗೆ ಹತ್ತಿ ಕೊಡುತ್ತ ನಿಂತಿದ್ದ ನನ್ನ ಹೆಂಡತಿ ನೀಲಗಂಗಮ್ಮ ಒಮ್ಮೆಲೆ ಕೈ ಕೊಡವಿ ಹಿಂದೆ ಸರಿದಳು.

"ಯವ್ವಾ, ಕಚ್ತು!"

ಚೇಳಿರಬೇಕೆಂದು ಉಳಿದ ಹೆಂಗಸರು ರಾಶಿಯನ್ನೆಲ್ಲ ಕೆದರಿದರು. ಚೇಳು ಇರಲಿಲ್ಲ. ಕಚ್ಚಿದ್ದು ಯಂತ್ರದ ಕಬ್ಬಿಣ.

ಎರಡನೇ ಮಹಾ ಲಡಾಯಿ ಮುಗಿದ ಮರುವರ್ಷ ಅದು. ರಾಯಚೂರಿನ ಮಹಾಂತಯ್ಯ ಸಾವ್ಕಾರರ ಮಿಲ್ಲಿಗೆ ಎಣ್ಣೆ ಎಂಜಿನ್ ಹೋಗಿ ಕರೆಂಟಿನ ಮೋಟಾರು ಬಂದಿತ್ತು. ನಾನು ಅಲ್ಲಿಯೇ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸದಲ್ಲಿದ್ದೆ. ದೇವದುರ್ಗ, ಮಾನ್ವಿ ಕಡೆಯ ಹತ್ತಿ ಬಂಡಿಗಳು ಹೊರಗೆ ಎತ್ತು ಬಿಚ್ಚಿಕೊಂಡು ಸಾಲಾಗಿ ನಿಂತಿದ್ದವು. ಸಾವ್ಕಾರರಿಗೆ ಯಂತ್ರ ನಿಲ್ಲಬಾರದಿತ್ತು. ನೀಲಗಂಗಮ್ಮ ಮತ್ತೆ ಅದರ ಮುಂದೆ ನಿಲ್ಲಲೇಬೇಕಿತ್ತು. ನಿಂತವಳು ಬೀಳಬಾರದು ಎಂಬುದೊಂದೇ ನನ್ನ ಚಿಂತೆ.

ಕರೆಂಟಿನ ಕೆಲಸ ಬಲ್ಲ ಶೇಷಗಿರಿ ರಾಯರನ್ನು ಕರೆಸಿದರು. ಹೈದರಾಬಾದಿನಲ್ಲಿ ಕಲಿತು ಬಂದವರು. ಎರಡು ಪೆಟ್ಟಿಗೆ ತಂದಿದ್ದರು. ಒಂದು ಮೆಗ್ಗರ್. ಅದರ ಹಿಡಿಕೆ ತಿರುಗಿಸಿ ನೋಡಿ, ಮೋಟಾರಿನ ತಂತಿಯ ಮೇಲಿನ ಹೊದಿಕೆ ಸವೆದದ್ದನ್ನು ಹಿಡಿದರು. ತಂತಿ ಬದಲಾಯಿಸಿದ್ದಾಯಿತು.

"ಆತಲ್ಲ, ಚಾಲೂ ಮಾಡ್ರಿ" ಅಂದರು ಸಾವ್ಕಾರರು.

"ತಡೀರಿ ಸಾವ್ಕಾರ್ರ. ಹೊದಿಕಿ ಮುಂದ ಮತ್ತ ಸವೀತದ. ಆಗ ಕರೆಂಟು ಈ ತಾಮ್ರದ ಪಟ್ಟಿ ಹಿಡಕೊಂಡು ಮಣ್ಣಿಗಿ ಇಳೀಬೇಕು. ಆ ದಾರಿ ಸರಿ ಅದನೋ ಇಲ್ಲೋ ಅಳೀಬೇಕು. ಇಲ್ಲಾಂದ್ರ ಈ ತಂಗಿ ಮೈಯಾಗಿಂದನ ಇಳೀತದ."

ಆ ಪಟ್ಟಿ ಯಂತ್ರದ ಕಾಲಿನಿಂದ ಹೊರಟು ಹಿತ್ತಲ ಗುಂಡಿಯಲ್ಲಿ ಹೂತಿದ್ದ ತಗಡಿಗೆ ಸೇರಿತ್ತು. ಸಾವ್ಕಾರರು ಮೆಗ್ಗರನ್ನೇ ತೋರಿಸಿ, "ಇದರಾಗ ನೋಡಿಬಿಡ್ರಿ" ಅಂದರು. ರಾಯರು ಅದರ ಒಂದು ತಂತಿ ಪಟ್ಟಿಗೆ, ಇನ್ನೊಂದು ನೆಲಕ್ಕೆ ಚುಚ್ಚಿದ ಸಲಾಕೆಗೆ ಹಚ್ಚಿ ಹಿಡಿಕೆ ತಿರುಗಿಸಿದರು. ಮುಳ್ಳು ಸೊನ್ನೆಗೆ ಬಂದು ಕೂತಿತು.

"ಸೊನ್ನಿ! ಅಂದ್ರ ಕರೆಂಟು ಇಳಿಯಾಕ ಅಡ್ಡಿನ ಇಲ್ಲ ಅಂದಂಗಾತಲ್ರೀ?"

"ಇದು ಲಕ್ಷಗಟ್ಟಲೆ ಅಡ್ಡಿ ಅಳಿಯೋ ಪೆಟ್ಟಿಗಿ. ಹತ್ತಿ ಅಂಡಿಗಿ ತೂಗೋ ಕಾಟಾದ ಮ್ಯಾಲ ಮೂಗುತಿ ಇಟ್ರ ಮುಳ್ಳು ಅಲ್ಲಾಡ್ತದೇನ್ರಿ? ಅಲ್ಲಾಡಲಿಲ್ಲಂತ ಮೂಗುತಿಗೆ ತೂಕನ ಇಲ್ಲ ಅಂತೀರೇನು?"

"ಹಂಗಾರ ಆ ಎರಡನೇದು ತೆಗೀರಲ್ಲ."

ಮಣ್ಣಿನ ಸಣ್ಣ ಅಡ್ಡಿ ಅಳೆಯುವ ಆ ಎರಡನೆಯ ಪೆಟ್ಟಿಗೆಗೆ ನೆಲದಲ್ಲಿ ಎರಡು ಕಬ್ಬಿಣದ ಗೂಟ ಬೇಕು. ಗುಂಡಿಯಿಂದ ನೇರವಾಗಿ, ಒಂದು ನಡುವೆ, ಒಂದು ದೂರದಲ್ಲಿ. ನಡುವಿನದಕ್ಕೆ ಹಿತ್ತಲಲ್ಲೇ ಜಾಗವಿತ್ತು, ದೂರದ್ದಕ್ಕೆ ಇರಲಿಲ್ಲ. ಮಿಲ್ಲಿನ ಕಡೆ ನೆಲದೊಳಗೆ ನೀರಿನ ಕೊಳವೆಗಳಿದ್ದವು. ಅವು ಅಳತೆ ಕೆಡಿಸುತ್ತವೆ. ಉಳಿದದ್ದು ಗೋಡೆಯಾಚೆಯ ಖುರ್ಷೀದ್ ಬೇಗಂ ಅವರ ಅಂಗಳ.

ಸಾವ್ಕಾರರ ಮುಖ ಇಳಿಯಿತು. ಹೋದ ಬೇಸಿಗೆಯಲ್ಲಿ ಬೇಗಂ ಒಣಹಾಕಿದ್ದ ಹಸಿ ಶಾವಿಗೆಯ ಮೇಲೆ ಮಿಲ್ಲಿನ ಹತ್ತಿಯ ಎಳೆಗಳು ಹಾರಿ ಕೂತು, ಶಾವಿಗೆಗೆ ಗಡ್ಡ ಬಂದಿತ್ತು. ಕೇಳಿದ್ದಕ್ಕೆ ಸಾವ್ಕಾರರು, "ಮಿಲ್ಲಿನ ಬಾಜೂಕ ಇದ್ದು ಹತ್ತಿ ಬ್ಯಾಡ ಅಂದ್ರ ಹೆಂಗ?" ಅಂದಿದ್ದರು. ಅಂದಿನಿಂದ ಮಾತಿರಲಿಲ್ಲ. ಅಲ್ಲದೆ ಇನ್ನೊಬ್ಬರ ಅಂಗಳದಲ್ಲಿ ಕಬ್ಬಿಣ ಹೊಡೆಯುವುದೆಂದರೆ ನಮ್ಮ ಕಡೆ ಮಾಟದ ಕೆಲಸ.

"ಸೊನ್ನಿ ತೋರಿಸೇದಲ್ಲ, ಸಾಕು ಬಿಡ್ರಿ" ಅಂದರು ಸಾವ್ಕಾರರು.

ರಾಯರು ಮೆಗ್ಗರಿನ ಮುಚ್ಚಳ ಮುಚ್ಚಿದರು. "ಚಾಲೂ ಮಾಡ್ರಿ ಅಂತ ನಾ ಅನ್ನಂಗಿಲ್ಲ."

ನೀಲಗಂಗಮ್ಮ ಸೆರಗಿನ ಹತ್ತಿ ಕೊಡವಿದಳು. "ನಾ ಹೋಗಿ ಕೇಳ್ತೀನಿ" ಅಂದು ಹೊರಟೇಬಿಟ್ಟಳು. ನಾನು ಹಿಂದೆ ಹೋಗಿ ಬೇಗಂ ಅವರ ಬಾಗಿಲ ಪರದೆಯ ಹೊರಗೆ ನಿಂತೆ. ಒಳಗಿನ ಮಾತು ಕೇಳುತ್ತಿತ್ತು.

"ಕಬ್ಬಿಣ? ನನ್ನ ಅಂಗಳದಾಗ? ನಿಮ್ಮ ಸಾವ್ಕಾರ ನನ್ನ ಶಾವಿಗಿ ಹಾಳು ಮಾಡಿದ್ದು ಸಾಲಲಿಲ್ಲೇನ್ ಬೇ?"

"ಸಾವ್ಕಾರ್ರು ಕಳಿಸಿಲ್ರಿ ಬೇಗಂ ಸಾಹೇಬ್. ನಾನ ಬಂದೀನಿ. ಆ ಮಿಷನ್ ಮುಂದ ನಿಲ್ಲಾಕಿ ನಾನು. ನನ್ನ ಕೈ ನೋಡ್ರಿ."

ಒಳಗೆ ಬಳೆಗಳ ಸದ್ದಾಯಿತು.

"ಯಾ ಅಲ್ಲಾ, ಬೆರಳು ಸುಟ್ಟಂಗ ಕೆಂಪಾಗ್ಯಾವಲ್ಲ!" ಆಮೇಲೆ ಬೇಗಂ ದನಿ ಬದಲಾಯಿತು. "ಹೊಸ ಕಬ್ಬಿಣ ಹೊಡಿಯಾಕ ನಾ ಒಲ್ಲೆ. ನನ್ನ ಮೇಕಿ ಕಟ್ಟೋ ಕಬ್ಬಿಣದ ಗೂಟ ಅದ, ಅದಕ್ಕ ಕಟ್ಟಕೊಳ್ರಿ. ಆದ್ರ ಬಿಚ್ಚಿದ ಮೇಕಿ ಓಡಿಹೋಗ್ತದ. ಮಹಾಂತಯ್ಯನ ಬಂದು ಹಿಡಕೊಂಡು ನಿಲ್ಲಲಿ. ಬ್ಯಾರೆ ಯಾರೂ ಬ್ಯಾಡ."

ಈ ಮಾತು ಮುಟ್ಟಿಸಿದಾಗ ಸಾವ್ಕಾರರು ಬಂಡಿಗಳ ಸಾಲಿನ ತನಕ ಹೋಗಿ ಬಂದರು. ರಾಯರು ಗೋಡೆಯ ಮೇಲಿಂದ ಇಣುಕಿ ಗೂಟ ನೋಡಿದರು. "ಛಲೋ ಗೂಟ ಅದ್ರಿ. ಮೇಕಿ ದಿನಾ ನೀರು ಬಿಟ್ಟು ನೆಲ ಹಸೀ ಇಟ್ಟದ." ಸಾವ್ಕಾರರಿಗೂ ನಗು ತಡೆಯಲಾಗಲಿಲ್ಲ. ಬೇಗಂ ಅಂಗಳಕ್ಕೆ ಹೋದರು.

ಸಾವ್ಕಾರರು ಹಗ್ಗ ಹಿಡಿದು ನಿಂತರು. ಮೇಕೆ ಅವರ ಧೋತರದ ಚುಂಗು ಬಾಯಿಗೆ ಹಾಕಿಕೊಂಡಿತು.

"ಹೇ, ಹೇ! ಧೋತ್ರ ತಿನ್ನಾಕತ್ತದ್ರೀ!"

ಪರದೆಯ ಹಿಂದಿನಿಂದ ಬೇಗಂ ಅಂದರು: "ಮೇಕಿ ಬಾಜೂಕ ನಿಂತು ಮೇಯಬ್ಯಾಡ ಅಂದ್ರ ಹೆಂಗ?"

ರಾಯರು ಮೇಕೆಯ ಗೂಟಕ್ಕೆ ತಂತಿ ಕಟ್ಟಿ ಬಂದು, ಹಿತ್ತಲಲ್ಲಿ ಎರಡನೆಯ ಪೆಟ್ಟಿಗೆಯ ಹಿಡಿಕೆ ತಿರುಗಿಸಿದರು. ನಡುವಿನ ಗೂಟವನ್ನು ಅತ್ತ ಇತ್ತ ಸರಿಸಿ ಮತ್ತೆ ತಿರುಗಿಸಿದರು. ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿತು.

"ಮಣ್ಣಿನ ಅಡ್ಡಿ ಐದು ಓಮಿನೊಳಗ ಇರಬೇಕಾಗಿತ್ತು ಸಾವ್ಕಾರ್ರ. ನಲವತ್ತು ಅದ."

ಸಾವ್ಕಾರರು ಗೋಡೆಯ ಈಚೆ ನಿಂತಿದ್ದ ನೀಲಗಂಗಮ್ಮನನ್ನು ನೋಡಿದರು. ಚುಂಗು ಬಿಡಿಸಿಕೊಳ್ಳುವುದನ್ನೂ ಮರೆತಿದ್ದರು. "ಗುಂಡಿ ಅಗೀರಿ" ಅಂದರು.

ಅಗೆದಾಗ ಕಂಡಿತು. ಕಪ್ಪು ಯರಿ ಮಣ್ಣು ಬೇಸಿಗೆಗೆ ಒಣಗಿ ಬಿರಿದು ತಗಡಿನಿಂದ ದೂರ ಸರಿದಿತ್ತು. ಸಂದಿಯಲ್ಲಿ ನನ್ನ ಅಂಗೈ ಸಲೀಸಾಗಿ ಹೋಯಿತು; ಕರೆಂಟು ಮಣ್ಣಿಗೆ ಇಳಿಯುವ ದಾರಿ ಅಲ್ಲೇ ಕಡಿದಂತಾಗಿತ್ತು. ಹಸಿ ಮಣ್ಣು ಸಿಗುವ ತನಕ ಇಳಿದೆವು. ತಗಡನ್ನು ಅಲ್ಲಿ ನಿಲ್ಲಿಸಿ, ಸುತ್ತ ತೇವ ಹಿಡಿದಿಡುವ ಇದ್ದಿಲು, ಉಪ್ಪು ತುಂಬಿ, ನೀರು ಹಾಕಿ ತುಳಿದೆವು.

ಮರುದಿನ ಬೆಳಿಗ್ಗೆ ರಾಯರು ಮತ್ತೆ ತಂತಿ ಎಳೆದರು. ಸಾವ್ಕಾರರನ್ನು ಯಾರೂ ಕರೆಯಲಿಲ್ಲ. ತಾವೇ ಬಂದು ಹಗ್ಗ ಹಿಡಿದರು, ಧೋತರದ ಚುಂಗು ಮೇಲಕ್ಕೆ ಸಿಕ್ಕಿಸಿಕೊಂಡು. ಮುಳ್ಳು ಐದರ ಕೆಳಗೆ ನಿಂತಿತು.

ಯಂತ್ರ ಚಾಲೂ ಆಗುವ ಮೊದಲು ಸಾವ್ಕಾರರು, ಹತ್ತಿಯ ಎಳೆ ಹಾರದಂತೆ, ಬೇಗಂ ಮನೆಯ ಕಡೆಗಿದ್ದ ಮಿಲ್ಲಿನ ಕಿಟಕಿಗೆ ಹಸಿ ಗೋಣಿತಟ್ಟು ಕಟ್ಟಿಸಿದರು. ಆಮೇಲೆ ಮೋಟಾರು ತಿರುಗಿತು. ನೀಲಗಂಗಮ್ಮ ಮೊದಲು ಬೆರಳಿನ ಹಿಂಬದಿಯನ್ನು ಕಬ್ಬಿಣಕ್ಕೆ ಸೋಕಿಸಿದಳು. ಆಮೇಲೆ ಅಂಗೈ ಇಟ್ಟಳು. ನಾನು ಎಣ್ಣೆ ಡಬ್ಬಿ ಹಿಡಿದು ನೋಡುತ್ತಲೇ ಇದ್ದೆ.

ಗೋಡೆಯಾಚೆಯಿಂದ ಕೂಗು ಬಂತು: "ಕಚ್ತೇನ್ ಬೇ?"

"ಇಲ್ರೀ!" ಅಂದು ಯಂತ್ರದ ಸದ್ದಿಗಿಂತ ಜೋರಾಗಿ ಕೂಗಿ, ಅವಳು ಒಂದು ಹಿಡಿ ಹತ್ತಿ ಎತ್ತಿಕೊಂಡಳು.